ಮಲಗುವ ಕೋಣೆಯ ಗಾಳಿ: ಕಿಟಕಿ ಸಾಕಾ, ಎಕ್ಸಾಸ್ಟ್ ಫ್ಯಾನ್ ಬೇಕಾ, ಮೆಷಿನ್‌ಗೆ ದುಡ್ಡು ಹಾಕಬೇಕಾ?

"ಬೆಳಗ್ಗೆ ಎದ್ದ ಕೂಡಲೇ ತಲೆ ಭಾರ. ಕಾರ್ಬನ್ ಡೈಆಕ್ಸೈಡ್ ಅಳೆಯೋ ಮೀಟರ್ ತಂದು ಇಟ್ಟೆ, 2500 ತೋರಿಸ್ತಿದೆ. ಗಾಬರಿ ಆಗ್ಬೇಕಾ?" ಇದು ಬೆಂಗಳೂರಿನ ಫ್ಲಾಟ್‌ನಲ್ಲಿರುವ ಗೆಳೆಯನ ಪ್ರಶ್ನೆ. "ಪ್ಯೂರಿಫೈಯರ್ ಹಗಲೂ ರಾತ್ರಿ ಓಡ್ತಿದೆ, ಆದ್ರೂ ನಂಬರ್ ಯಾಕೆ ಇಳೀತಿಲ್ಲ?" ಇದು ನಮ್ಮಕ್ಕನದು. ಮೂರನೆಯವರು ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಪ್ಲಾಸ್ಟರಿಂಗ್ ಮುಗಿಯುವ ಮೊದಲೇ ಗೋಡೆಯಲ್ಲಿ ತೂತು ಬಿಡಿಸಿ ಫ್ರೆಶ್ ಏರ್ ಮೆಷಿನ್ ಕೂರಿಸಲೋ, ಕಿಟಕಿಗೆ ಒಳ್ಳೆ ಜಾಲರಿ ಹಾಕಿಸಿದರೆ ಸಾಕೋ ಅಂತ ಕೇಳುತ್ತಿದ್ದಾರೆ. ಮೂವರಿಗೂ ಬೇಕಾದ ಉತ್ತರದ ಬುಡ ಒಂದೇ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಕತೆ. ಕೋಣೆ 10 ಅಡಿಗೆ 12 ಅಡಿ. ನಾನು, ಹೆಂಡತಿ, ಆರು ವರ್ಷದ ಮಗಳು. ಜನವರಿಯ ಒಂದು ರಾತ್ರಿ ಚಳಿ ಅಂತ ಸ್ಲೈಡಿಂಗ್ ಕಿಟಕಿ ಪೂರ್ತಿ ಎಳೆದೆವು. ಬಾಗಿಲಿಗೆ ಚಿಲಕ ಹಾಕಿದೆವು. ಮೀಟರನ್ನು ಮಂಚದ ಪಕ್ಕದ ಸ್ಟೂಲ್ ಮೇಲೆ ಇಟ್ಟೆ. ಹತ್ತೂವರೆಗೆ 640 ಇತ್ತು. ಹನ್ನೆರಡಕ್ಕೆ ನೀರು ಕುಡಿಯಲು ಎದ್ದಾಗ 1590. ಬೆಳಗ್ಗೆ ಐದೂಮುಕ್ಕಾಲಿಗೆ 2810. ಕಿಟಕಿ ಗಾಜಿನ ಒಳಮೈ ಬೆವರಿತ್ತು. ಬೆರಳಿಟ್ಟರೆ ನೀರು ಇಳಿಯುವಷ್ಟು. ಮಾರನೇ ರಾತ್ರಿ ಎರಡೇ ಬದಲಾವಣೆ ಮಾಡಿದೆವು. ಕಿಟಕಿಯನ್ನು ನಾಲ್ಕು ಬೆರಳು ಸರಿಸಿದೆವು, ಬಾಗಿಲನ್ನು ಒಂದು ಗೇಣು ತೆರೆದಿಟ್ಟೆವು. ಬೆಳಗ್ಗೆ 790.

ಈ ನಂಬರ್ ಏನನ್ನು ಅಳೆಯುತ್ತದೆ?

ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅಂತ. ಈಗ ಹೊರಗಿನ ಬಯಲು ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 425 ಪಿಪಿಎಂ ಇದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ ಅದು 315ರ ಆಸುಪಾಸಿನಲ್ಲಿತ್ತು. ನಾವು ಬಿಡುವ ಉಸಿರಿನಲ್ಲಿ ಇದೇ ಅನಿಲ ಸುಮಾರು 40,000 ಪಿಪಿಎಂ ಇರುತ್ತದೆ. ಈಗ ಲೆಕ್ಕ ಹಾಕಿ. ಕೋಣೆಯಲ್ಲಿ 825 ಇದ್ದರೆ ಒಳಗೆಳೆಯುವ ಗಾಳಿಯ ನೂರರಲ್ಲಿ ಒಂದು ಪಾಲು ಆಗಲೇ ಯಾರದೋ ಶ್ವಾಸಕೋಶಕ್ಕೆ ಹೋಗಿ ಬಂದದ್ದು. 1225 ಇದ್ದರೆ ಎರಡು ಪಾಲು. 2425 ಇದ್ದರೆ ಐದು ಪಾಲು, ಅಂದರೆ ಇಪ್ಪತ್ತರಲ್ಲಿ ಒಂದು. ಮನೆಯಲ್ಲಿ ಒಬ್ಬರಿಗೆ ನೆಗಡಿ ಬಂದರೆ ಎಲ್ಲರಿಗೂ ಯಾಕೆ ಹಬ್ಬುತ್ತದೆ ಅನ್ನುವುದಕ್ಕೆ ಇದರಲ್ಲೇ ಅರ್ಧ ಉತ್ತರ ಇದೆ, ಅಲ್ವಾ?

ಹಾಗಾಗಿ ಮನೆಯೊಳಗಿನ ಈ ನಂಬರನ್ನು ವಿಷದ ಅಳತೆ ಅಂತ ಓದಬೇಡಿ. ಹೊಸ ಗಾಳಿ ಎಷ್ಟು ಬರುತ್ತಿದೆ ಅನ್ನುವುದರ ಅಳತೆ ಅಂತ ಓದಿ. ನಮ್ಮ ಬೆವರು, ಬಾಯಿಯ ತೇವ, ಹಾಸಿಗೆಯ ವಾಸನೆ, ಹೊಸ ವಾರ್ಡ್‌ರೋಬ್‌ನ ಪ್ಲೈವುಡ್ ಬಿಡುವ ಅನಿಲ ಎಲ್ಲವೂ ಅದೇ ಮುಚ್ಚಿದ ಕೋಣೆಯಲ್ಲಿ ಜೊತೆಗೇ ಕೂಡಿಕೊಳ್ಳುತ್ತವೆ.

ಯಾವ ಗೆರೆ ನಮ್ಮದು?

ಇಲ್ಲೇ ಜನ ಗೊಂದಲಕ್ಕೆ ಬೀಳುವುದು. ಹುಡುಕಿದರೆ 800 ಸಿಗುತ್ತದೆ, 1000 ಸಿಗುತ್ತದೆ, 5000 ಕೂಡ ಸಿಗುತ್ತದೆ. ಯಾವುದೂ ಸುಳ್ಳಲ್ಲ. ಒಂದೊಂದು ಒಂದೊಂದು ಕೆಲಸಕ್ಕೆ ಇಟ್ಟ ಗೆರೆ.

5000 ಅನ್ನುವುದು ಅಮೆರಿಕದ ಕಾರ್ಮಿಕ ಸುರಕ್ಷತೆಯ ಮಿತಿ. ಎಂಟು ಗಂಟೆಯ ಪಾಳಿಯ ಸರಾಸರಿ ಅದಕ್ಕಿಂತ ಮೇಲೆ ಹೋಗಬಾರದು ಅಂತ. ಅದು ಕಾರ್ಖಾನೆಯ ಆರೋಗ್ಯವಂತ ಕೆಲಸಗಾರರಿಗೆ ಇಟ್ಟದ್ದು. ಅದನ್ನು ತೋರಿಸಿ "ನಿಮ್ಮ ಮಗುವಿನ ಕೋಣೆ 3000, ಏನೂ ಆಗಲ್ಲ" ಅಂದರೆ ಒಪ್ಪಬೇಡಿ.

1000 ಬಹಳ ಹಳೆಯದು. ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ 1858ರಲ್ಲೇ ಇದನ್ನು ಸೂಚಿಸಿದರು. ಇದನ್ನು ದಾಟಿದ ಕೋಣೆಯಲ್ಲಿ ಜನರ ಮೈವಾಸನೆ ಕಟ್ಟಿಕೊಳ್ಳುತ್ತದೆ ಅನ್ನುವುದು ಅವರ ಆಧಾರ. ಜರ್ಮನಿಯ ಪರಿಸರ ಇಲಾಖೆ 2008ರಲ್ಲಿ ಮೂರು ಹಂತ ಮಾಡಿತು: 1000ದ ಕೆಳಗೆ ಚಿಂತೆ ಇಲ್ಲ, 1000ದಿಂದ 2000 ಗಮನ ಕೊಡಿ, 2000 ದಾಟಿದರೆ ಒಪ್ಪಲಾಗದು. ನಮ್ಮ ದೇಶದ ಎಸಿ ಎಂಜಿನಿಯರುಗಳ ಸಂಘ ಇಶ್ರೇ 2016ರ ಮಾನದಂಡದಲ್ಲಿ ಹೊರಗಿನ ಮಟ್ಟಕ್ಕಿಂತ 350 ಜಾಸ್ತಿ ಇದ್ದರೆ ಮೇಲಿನ ದರ್ಜೆ, 700 ಜಾಸ್ತಿ ಇದ್ದರೆ ಕೊನೆಯ ದರ್ಜೆ ಅಂತ ಇಟ್ಟಿದೆ. 425ಕ್ಕೆ ಕೂಡಿಸಿದರೆ 775 ಮತ್ತು 1125. ಇನ್ನು 800 ಕೋವಿಡ್ ಆದ ಮೇಲೆ ಹೆಚ್ಚು ಕೇಳಿಬಂದ ನಂಬರ್. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದನ್ನು ಗುರಿಯಾಗಿ ಹೇಳಿತು. ಸೋಂಕು ಹರಡುವುದನ್ನು ತಗ್ಗಿಸಬೇಕಾದ ಜಾಗಕ್ಕೆ ಅದು ಸರಿ.

ಬುದ್ಧಿ ಮಂದ ಆಗುತ್ತದೆ ಅನ್ನುವ ಮಾತು? 2012ರಲ್ಲಿ ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯವೊಂದು 22 ಜನರನ್ನು 600, 1000, 2500 ಪಿಪಿಎಂನಲ್ಲಿ ಕೂರಿಸಿ ಪರೀಕ್ಷಿಸಿತು. ಮಟ್ಟ ಏರಿದಂತೆ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಕುಗ್ಗಿತು. ಆಮೇಲಿನ ಕೆಲವು ಪ್ರಯೋಗಗಳಲ್ಲಿ ಹಾಗೆ ಕಾಣಲಿಲ್ಲ. ನಿದ್ದೆಯ ವಿಷಯದಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು 2016ರಲ್ಲಿ ಡೆನ್ಮಾರ್ಕ್‌ನ ವಿದ್ಯಾರ್ಥಿ ನಿಲಯದಲ್ಲಿ ಮಾಡಿದ ಅಧ್ಯಯನದ ಮೇಲೆ. ಕೋಣೆಗೆ ಹೊಸ ಗಾಳಿ ಬಿಟ್ಟು ಮಟ್ಟವನ್ನು ಎರಡೂವರೆ ಸಾವಿರದ ಹತ್ತಿರದಿಂದ 1000ದ ಕೆಳಗೆ ಇಳಿಸಿದಾಗ ನಿದ್ದೆ ಸುಧಾರಿಸಿತು, ಮಾರನೇ ದಿನದ ಚುರುಕೂ ಹೆಚ್ಚಿತು.

ನನ್ನ ತೀರ್ಮಾನ ಹೇಳುತ್ತೇನೆ. ಮಲಗುವ ಕೋಣೆಗೆ 1000 ಗುರಿ ಇಟ್ಟುಕೊಳ್ಳಿ. ಒಂದೊಂದು ರಾತ್ರಿ 1200 ಆದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ದಿನಾ 2000 ದಾಟುತ್ತಿದ್ದರೆ ಏನಾದರೂ ಮಾಡಲೇಬೇಕು. ಮನೆಯಲ್ಲಿ ವಯಸ್ಸಾದವರು, ಉಬ್ಬಸ ಇರುವವರು, ಜ್ವರದ ಮಗು ಇದ್ದರೆ 800.

ಆಯ್ಕೆಗೆ ಮುಂಚೆ ಕೇಳಬೇಕಾದ್ದು

ಯಾವ ದಾರಿ ಹಿಡಿದರೂ ನಾನು ಇವನ್ನು ನೋಡುತ್ತೇನೆ. ರಾತ್ರಿ ಪೂರ್ತಿ 1000ದ ಒಳಗೆ ಹಿಡಿದಿಡುತ್ತದಾ? ಹೊಸ ಗಾಳಿಯ ಜೊತೆ ಧೂಳು, ಹೊಗೆ ಎಷ್ಟು ತರುತ್ತದೆ? ಬಾಡಿಗೆ ಮನೆಯಲ್ಲಿ ಆಗುತ್ತದಾ? ಕೊಳ್ಳುವ ದುಡ್ಡು, ತಿಂಗಳ ಕರೆಂಟ್ ಎಷ್ಟು? ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಂಟು ಗಂಟೆ ಅದು ನಿಜವಾಗಿ ತೆರೆದೇ ಇರುತ್ತದಾ? ಸೊಳ್ಳೆ, ಮಳೆ, ನಾಯಿ ಬೊಗಳುವುದು, ಕಳ್ಳರ ಭಯ, ಇವುಗಳಲ್ಲಿ ಯಾವುದೋ ಒಂದು ನಡುರಾತ್ರಿ ನಿಮ್ಮನ್ನು ಎಬ್ಬಿಸಿ ಕಿಟಕಿ ಮುಚ್ಚಿಸಿದರೆ ಎಂಥ ಏರ್ಪಾಡೂ ದಂಡ.

ಎಷ್ಟು ಗಾಳಿ ಬೇಕು ಅನ್ನುವ ಲೆಕ್ಕವೂ ಗೊತ್ತಿರಲಿ. ಹತ್ತು ಅಡಿ ಎತ್ತರದ ನಮ್ಮ ಕೋಣೆಯಲ್ಲಿ 34 ಘನ ಮೀಟರ್ ಗಾಳಿ ಇದೆ. ಇಬ್ಬರು ದೊಡ್ಡವರು, ಒಂದು ಮಗು ನಿದ್ದೆಯಲ್ಲಿ ಗಂಟೆಗೆ ಸುಮಾರು 30 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತೇವೆ. ಗಾಳಿ ಎಲ್ಲೂ ಆಡದಿದ್ದರೆ ಗಂಟೆಗೆ 900 ಪಿಪಿಎಂ ಏರುತ್ತದೆ. 1000ದ ಒಳಗೆ ನಿಲ್ಲಿಸಲು ಗಂಟೆಗೆ 50ರಿಂದ 55 ಘನ ಮೀಟರ್ ಹೊರಗಾಳಿ ಸಾಕು. ಇದೇನೂ ಬಿರುಗಾಳಿ ಅಲ್ಲ. ಎರಡು ಸಂದಿಯಿಂದ ಸುಮ್ನೆ ಹರಿದುಹೋಗುವಷ್ಟು.

ಮೀಟರ್ ಕೊಳ್ಳುವಾಗ

ನಾನು ಮೊದಲು ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಮೀಟರ್ ಒಗ್ಗರಣೆ ಹಾಕಿದರೆ 3000ಕ್ಕೆ ಹಾರುತ್ತಿತ್ತು. ರಾತ್ರಿ ಮೂವರು ಮಲಗಿದ ಕೋಣೆಯಲ್ಲಿ 450 ತೋರಿಸುತ್ತಿತ್ತು. ಕಾರಣ ಇಷ್ಟೇ. ಅದರೊಳಗೆ ಕಾರ್ಬನ್ ಡೈಆಕ್ಸೈಡ್ ಅಳೆಯುವ ಸೆನ್ಸರೇ ಇಲ್ಲ. ವಾಸನೆಯ ಅನಿಲಗಳನ್ನು ಅಳೆದು ಊಹೆಯ ನಂಬರ್ ಕೊಡುತ್ತದೆ. ಡಬ್ಬದ ಮೇಲೆ "ಇಸಿಒ2" ಅಂತ ಇದ್ದರೆ ಅದೇ ಜಾತಿ. ನಮಗೆ ಬೇಕಾದ್ದು ಕಾರ್ಬನ್ ಡೈಆಕ್ಸೈಡನ್ನೇ ಅಳೆಯುವ "ಎನ್‌ಡಿಐಆರ್" ಇಲ್ಲವೇ "ಫೋಟೋಅಕೌಸ್ಟಿಕ್" ಸೆನ್ಸರ್ ಇರುವುದು. ಬೆಲೆ ಕೆಲವು ಸಾವಿರದಿಂದ ಶುರುವಾಗುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಟೆರೇಸ್ ಮೇಲೆ ಇಪ್ಪತ್ತು ನಿಮಿಷ ಇಡಿ, 400ರಿಂದ 470ರ ನಡುವೆ ನಿಲ್ಲಬೇಕು. ಆಮೇಲೆ ಒಂದು ಬಟ್ಟೆಗೆ ಸ್ಯಾನಿಟೈಸರ್ ಹಚ್ಚಿ ಹತ್ತಿರ ಹಿಡಿಯಿರಿ. ಒಳ್ಳೆಯದು ಅಲುಗಾಡುವುದಿಲ್ಲ, ಅಗ್ಗದ್ದು ಹುಚ್ಚು ಹಿಡಿದಂತೆ ಏರುತ್ತದೆ. ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಮೀಟರ್ ಶೇಕಡ 10ರಷ್ಟು ಕಮ್ಮಿ ತೋರಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಎತ್ತರ ಹಾಕುವ ಅವಕಾಶ ಇದ್ದರೆ ಹಾಕಿ. ಮಡಿಕೇರಿ, ಚಿಕ್ಕಮಗಳೂರಿನವರು ಮರೆಯಲೇಬೇಡಿ.

ಕಿಟಕಿ ಮತ್ತು ಬಾಗಿಲು

ನನ್ನ ಮೊದಲ ಮತ ಇದಕ್ಕೇ. ಹಳೇ ಮನೆಗಳಲ್ಲಿ ಕಿಟಕಿ ಮೇಲೊಂದು ವೆಂಟಿಲೇಟರ್, ಅಡುಗೆಮನೆಗೆ ಬೆಳಕಿಂಡಿ, ಮೇಲೆ ಮಂಗಳೂರು ಹೆಂಚು ಇರುತ್ತಿತ್ತು. ಹೆಂಚಿನ ಸಂದಿಯಲ್ಲಿ ರಾತ್ರಿಯಿಡೀ ಗಾಳಿ ಆಡುತ್ತಿತ್ತು. ಕಿಟಕಿ ಮುಚ್ಚಿದರೂ ಮನೆ ಉಸಿರಾಡುತ್ತಿತ್ತು. ಈಗಿನ ಯುಪಿವಿಸಿ ಕಿಟಕಿಗೆ ರಬ್ಬರ್ ಪಟ್ಟಿ ಇದೆ, ಬಾಗಿಲಿನ ಕೆಳಗೂ ಪಟ್ಟಿ ಹಾಕಿಸುತ್ತೇವೆ. ಸದ್ದು ಬರುವುದಿಲ್ಲ, ಗಾಳಿಯೂ ಬರುವುದಿಲ್ಲ.

ಕಿಟಕಿಯ ವಿಷಯದಲ್ಲಿ ಜನ ಮಾಡುವ ತಪ್ಪು ಒಂದೇ ಕಡೆ ದೊಡ್ಡದಾಗಿ ತೆರೆಯುವುದು. ಗಾಳಿಗೆ ಒಳಬರುವ ದಾರಿಯೂ ಬೇಕು, ಹೊರಹೋಗುವ ದಾರಿಯೂ ಬೇಕು. ಒಂದು ಕಿಟಕಿ ಪೂರ್ತಿ ತೆರೆದು ಬಾಗಿಲು ಮುಚ್ಚುವುದಕ್ಕಿಂತ, ಕಿಟಕಿ ನಾಲ್ಕು ಬೆರಳು, ಬಾಗಿಲು ಒಂದು ಗೇಣು, ಹಾಲ್‌ನ ಆಚೆ ಬದಿಯ ಕಿಟಕಿ ನಾಲ್ಕು ಬೆರಳು ತೆರೆದಿಟ್ಟರೆ ಹೆಚ್ಚು ಕೆಲಸ ಆಗುತ್ತದೆ. ವೆಲ್ಕ್ರೋ ಜಾಲರಿ ಕೆಲವು ನೂರು ರೂಪಾಯಿಗೆ ಆಗುತ್ತದೆ, ಬಾಡಿಗೆ ಮನೆಗೂ ಸರಿ. ನೆಲಮಹಡಿಯಲ್ಲಿ ಇರುವವರು ಗ್ರಿಲ್ ಇದ್ದರೂ ಕಿಟಕಿ ಸರಿಯದಂತೆ ಸ್ಟಾಪರ್ ಹಾಕಿಸಿ.

"ಎಸಿ ಹಾಕಿ ಕಿಟಕಿ ತೆರೆದ್ರೆ ಕರೆಂಟ್ ಬಿಲ್?" ಅಂತ ಎಲ್ಲರೂ ಕೇಳುತ್ತಾರೆ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ, ಒಳಗಿನದನ್ನೇ ತಿರುಗಿಸಿ ತಂಪು ಮಾಡುತ್ತದೆ. ಇದು ಗೊತ್ತಿಲ್ಲದವರು ಬಹಳ ಜನ. ಮಂಗಳೂರಿನ ಸೆಕೆಯ ರಾತ್ರಿಯಲ್ಲಿ ಗಂಟೆಗೆ 55 ಘನ ಮೀಟರ್ ಹೊರಗಾಳಿ ಬಿಟ್ಟರೆ ಎಸಿ ಗಂಟೆಗೆ ಸುಮಾರು ಅರ್ಧ ಲೀಟರ್ ನೀರನ್ನು ಹೆಚ್ಚಾಗಿ ಹಿಂಡಬೇಕು. ಲೆಕ್ಕ ಹಾಕಿದರೆ ಒಂದು ರಾತ್ರಿಗೆ ಸುಮಾರು ಒಂದು ಯೂನಿಟ್ ಬರುತ್ತದೆ. ಆದರೆ ಅದು ಸಂದಿ ಸಣ್ಣದಿದ್ದರೆ ಮಾತ್ರ. ಎರಡು ಬೆರಳು ಸಾಕು. ಬೆಂಗಳೂರಿನಲ್ಲಿ ಈ ಖರ್ಚು ಇನ್ನೂ ಕಡಿಮೆ. ರಾಯಚೂರು, ಕಲಬುರಗಿಯ ಒಣ ಬಿಸಿಯಲ್ಲೂ ನಡುರಾತ್ರಿ ಆದ ಮೇಲೆ ಅಷ್ಟೇನೂ ಭಾರ ಆಗುವುದಿಲ್ಲ.

ಕಿಟಕಿ ಸೋಲುವುದು ಎಲ್ಲಿ ಅಂದರೆ ರಿಂಗ್ ರೋಡ್ ಪಕ್ಕದಲ್ಲಿ, ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರ್ ಮೇಲಿನ ಮಹಡಿಯಲ್ಲಿ, ಎದುರಿನ ಖಾಲಿ ಸೈಟಿನಲ್ಲಿ ಕಸ ಸುಡುವ ಕಡೆ. ಸಣ್ಣ ಧೂಳು, ಅಂದರೆ ಪಿಎಂ 2.5, ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 15 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಿತಿ 60. ಅಂಥ ಕಡೆ ಬರೀ ಕಿಟಕಿ ತೆರೆದರೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿದ ಹಾಗೆ.

ಎಕ್ಸಾಸ್ಟ್ ಫ್ಯಾನ್

ಅಟ್ಯಾಚ್ಡ್ ಬಾತ್‌ರೂಮ್ ಇದ್ದರೆ ನಿಮ್ಮ ಹತ್ತಿರ ಆಗಲೇ ಒಂದು ಯಂತ್ರ ಇದೆ. ಆರು ಇಂಚಿನ ಎಕ್ಸಾಸ್ಟ್ ಫ್ಯಾನ್ ನಮಗೆ ಬೇಕಾದ 55ಕ್ಕಿಂತ ಎಷ್ಟೋ ಹೆಚ್ಚು ಗಾಳಿ ಎಳೆಯುತ್ತದೆ. ಬಾತ್‌ರೂಮ್ ಬಾಗಿಲು ಅರ್ಧ ತೆರೆದು, ಕೋಣೆಯ ಬಾಗಿಲನ್ನೋ ಕಿಟಕಿಯನ್ನೋ ಎರಡು ಬೆರಳು ಬಿಟ್ಟರೆ ಆಯಿತು. ಸದ್ದು ಇದ್ದರೆ ರೆಗ್ಯುಲೇಟರ್ ಹಾಕಿಸಿ ನಿಧಾನಕ್ಕೆ ಓಡಿಸಿ. ಗಾಳಿ ಎತ್ತ ಕಡೆಯಿಂದ ಬರಬೇಕು ಅನ್ನುವುದನ್ನು ನೀವೇ ಆರಿಸಬಹುದು ಅನ್ನುವುದು ಇದರ ದೊಡ್ಡ ಲಾಭ. ರಸ್ತೆ ಕಡೆಯ ಕಿಟಕಿ ಮುಚ್ಚಿ, ಹಿಂದಿನ ಮರದ ಕಡೆಯ ಕಿಟಕಿಯಿಂದ ಹಾಲ್ ಮೂಲಕ ತರಿಸಿಕೊಳ್ಳಬಹುದು. ಗಾಳಿ ಬೀಸದ ರಾತ್ರಿಯಲ್ಲೂ ಇದು ಕೈ ಕೊಡುವುದಿಲ್ಲ.

ಎರಡು ಎಚ್ಚರಿಕೆ. ಗಾಳಿ ಬರಲು ಸಂದಿ ಬಿಡದೆ ಓಡಿಸಿದರೆ ಅದು ಸಿಕ್ಕ ಕಡೆಯಿಂದ ಎಳೆಯುತ್ತದೆ. ಬಾತ್‌ರೂಮ್ ನೆಲದ ನೀರು ಹೋಗುವ ತೂತಿನ ಕೆಳಗಿನ ಫ್ಲೋರ್ ಟ್ರ್ಯಾಪ್‌ನಲ್ಲಿ ನೀರು ಒಣಗಿದ್ದರೆ ಚರಂಡಿ ವಾಸನೆ ಬರುತ್ತದೆ. ಎರಡನೆಯದು ಜೀವದ ಪ್ರಶ್ನೆ. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಈ ಏರ್ಪಾಡು ಬೇಡವೇ ಬೇಡ. ಎಳೆತಕ್ಕೆ ಅದರ ಹೊಗೆ ಕೋಣೆಯೊಳಗೆ ಬರಬಹುದು. ಆ ಹೊಗೆಯಲ್ಲಿರುವುದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಕೊಲ್ಲುತ್ತದೆ. ನಾವು ಮಾತಾಡುತ್ತಿರುವ ಮೀಟರ್ ಅದನ್ನು ತೋರಿಸುವುದಿಲ್ಲ. ಅದಕ್ಕೆ ಬೇರೆ ಅಲಾರಂ ಬೇಕು. ಗ್ಯಾಸ್ ಗೀಸರ್ ಬಾತ್‌ರೂಮಿನ ಹೊರಗೆ, ಬಯಲಿನಲ್ಲಿ ಇರಲಿ.

ಫ್ರೆಶ್ ಏರ್ ಮೆಷಿನ್, ಇಆರ್‌ವಿ

ಗೋಡೆಯಲ್ಲಿ ನಾಲ್ಕರಿಂದ ಆರು ಇಂಚಿನ ತೂತು ಕೊರೆದು ಹೊರಗಾಳಿಯನ್ನು ಫಿಲ್ಟರ್ ಮೂಲಕ ಒಳಗೆ ತಳ್ಳುವುದು ಫ್ರೆಶ್ ಏರ್ ಮೆಷಿನ್. ಹೋಗುವ ಗಾಳಿಯ ತಂಪನ್ನು ಬರುವ ಗಾಳಿಗೆ ದಾಟಿಸುವುದೂ ಇದ್ದರೆ ಅದು ಎಚ್‌ಆರ್‌ವಿ. ತೇವವನ್ನೂ ದಾಟಿಸಿದರೆ ಇಆರ್‌ವಿ. ಕೋಣೆಯೊಂದಕ್ಕೆ ಹತ್ತಾರು ಸಾವಿರ ಆಗುತ್ತದೆ. ಫಿಲ್ಟರ್ ಬದಲಿಸುವ ಖರ್ಚು ಬೇರೆ. ಧೂಳು, ಸದ್ದು, ಸೊಳ್ಳೆ, ಮಳೆ, ಕಳ್ಳ, ಐದಕ್ಕೂ ಇದರಲ್ಲಿ ಉತ್ತರ ಇದೆ. ಇಷ್ಟಿದ್ದರೂ ಎಲ್ಲರಿಗೂ ಇದನ್ನು ಹೇಳಲು ನನಗೆ ಮನಸ್ಸಿಲ್ಲ.

ಬೆಂಗಳೂರು, ಮೈಸೂರಿನಲ್ಲಿ ವರ್ಷದ ಹೆಚ್ಚು ರಾತ್ರಿ ಒಳಗೂ ಹೊರಗೂ ತಾಪದ ವ್ಯತ್ಯಾಸವೇ ಕಡಿಮೆ. ಉಳಿಸಲು ತಂಪೇ ಇಲ್ಲದ ಕಡೆ ತಂಪು ಉಳಿಸುವ ಯಂತ್ರಕ್ಕೆ ಯಾಕೆ ದುಡ್ಡು? ಇಲ್ಲಿ ಬೇಕಾದರೆ ಫಿಲ್ಟರ್ ಇರುವ ಸರಳ ಫ್ರೆಶ್ ಏರ್ ಫ್ಯಾನ್ ಸಾಕು. ಕರಾವಳಿಯಲ್ಲಿ ರಾತ್ರಿಯಿಡೀ ಎಸಿ ಓಡುವ ಮನೆಗೆ ಇಆರ್‌ವಿ ಅರ್ಥ ಇದೆ, ಯಾಕೆಂದರೆ ಅಲ್ಲಿ ಶತ್ರು ತೇವ. ಆ ಊರಿಗೆ ಎಚ್‌ಆರ್‌ವಿ ಕೊಳ್ಳಬೇಡಿ, ಅದು ತೇವವನ್ನು ತಡೆಯುವುದಿಲ್ಲ. ದುಬೈ ಕಡೆ ಇರುವ ನಮ್ಮವರಿಗೂ ಇದೇ ಮಾತು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರನ್ನು ಒಪ್ಪಿಸಬೇಕು. ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್ನನ್ನೂ ಒಪ್ಪಿಸಬೇಕು.

ಪ್ಯೂರಿಫೈಯರ್, ಗಿಡ

ಬೇಗ ಮುಗಿಸುತ್ತೇನೆ. ಪ್ಯೂರಿಫೈಯರ್ ಧೂಳು ಹಿಡಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಅದರ ಫಿಲ್ಟರಿನಲ್ಲಿ ನಿಲ್ಲುವುದಿಲ್ಲ, ನೇರ ದಾಟಿ ಹೋಗುತ್ತದೆ. ಅಕ್ಕನ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಅದನ್ನು ಮಾರಬೇಕಾಗಿಲ್ಲ. ಕಿಟಕಿ ಎರಡು ಬೆರಳು ತೆರೆದು, ಅದರ ಪಕ್ಕದಲ್ಲೇ ಪ್ಯೂರಿಫೈಯರ್ ಇಟ್ಟರೆ ಗಾಳಿಯೂ ಬರುತ್ತದೆ, ಧೂಳಿನ ಬಹುಪಾಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ರಸ್ತೆ ಪಕ್ಕದ ಬಾಡಿಗೆ ಮನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಜೋಡಿ ಇದೇ.

ಗಿಡ ಚೆಂದಕ್ಕೆ ಇಡಿ. ಸ್ನೇಕ್ ಪ್ಲಾಂಟ್ ರಾತ್ರಿಯೂ ಸ್ವಲ್ಪ ಹೀರುತ್ತದೆ ಅನ್ನುವುದು ನಿಜ. ಆದರೆ ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಬಿಡುವ ನೂರು ಲೀಟರಿಗೆ ನಾಲ್ಕು ಕುಂಡ ಲೆಕ್ಕಕ್ಕೇ ಇಲ್ಲ. ಎಲ್ಲರೂ ಹೆಸರು ಹೇಳುವ 1989ರ ನಾಸಾ ಅಧ್ಯಯನ ಬೆಂಜೀನ್‌ನಂಥ ಅನಿಲಗಳ ಬಗ್ಗೆ, ಅದೂ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಮಾಡಿದ್ದು.

ಯಾರಿಗೆ ಯಾವುದು?

ಗೆಳೆಯನಿಗೆ ನಾನು ಹೇಳಿದ್ದು ದುಡ್ಡು ಖರ್ಚಿಲ್ಲದ ದಾರಿ. ಮೂರು ರಾತ್ರಿ ಬಾಗಿಲು ಒಂದು ಗೇಣು, ಕಿಟಕಿ ಎರಡು ಬೆರಳು. ಅದರಲ್ಲೂ 1200 ದಾಟಿದರೆ ಬಾತ್‌ರೂಮ್ ಫ್ಯಾನ್. ಹೆಚ್ಚು ಮನೆಗಳು ಇಲ್ಲಿಗೇ ನಿಲ್ಲುತ್ತವೆ.

ತುಮಕೂರಿನವರಿಗೆ ಬೇರೆ ಮಾತು. ಕಟ್ಟುವಾಗ ಎದುರುಬದುರು ಗೋಡೆಯಲ್ಲಿ ವೆಂಟಿಲೇಟರ್ ಇಡಿಸಿ, ಜಾಲರಿ ಸಮೇತ. ಜೊತೆಗೆ ಪ್ರತಿ ಮಲಗುವ ಕೋಣೆಯಲ್ಲೂ ಒಂದು ಆರು ಇಂಚಿನ ಪೈಪ್ ಗೋಡೆ ದಾಟಿಸಿ, ಮುಚ್ಚಳ ಹಾಕಿ ಬಿಡಿ, ಹತ್ತಿರ ಒಂದು ಪ್ಲಗ್ ಪಾಯಿಂಟ್ ಇರಲಿ. ಮುಂದೆ ಎದುರಿನ ರಸ್ತೆ ಅಗಲವಾಗಿ ಗಾಡಿ ಜಾಸ್ತಿಯಾದರೆ ಮೆಷಿನ್ ತಂದು ಕೂರಿಸಬಹುದು. ಈಗಲೇ ಕೊಳ್ಳಬೇಕಾಗಿಲ್ಲ. ಆಮೇಲೆ ಕೊರೆಸುವ ಖರ್ಚಿಗೆ, ಧೂಳಿಗೆ ಹೋಲಿಸಿದರೆ ಈಗ ಪೈಪಿನ ಬೆಲೆ ಏನೂ ಅಲ್ಲ.

ಮೀಟರ್ ವಿಷಯಕ್ಕೆ ಬಂದರೆ, ಒಂದು ಮನೆಗೆ ಅದು ಬೇಕಾಗುವುದು ಹತ್ತು ದಿನ ಮಾತ್ರ. ಯಾವ ಸಂದಿಗೆ ಎಷ್ಟು ನಂಬರ್ ಅಂತ ಒಮ್ಮೆ ಗೊತ್ತಾದರೆ ಮುಗಿಯಿತು. ನಾಲ್ಕು ಮನೆಯವರು ಸೇರಿ ಒಂದು ಕೊಳ್ಳಿ. ನಮ್ಮದು ಈ ವಾರ ಅಕ್ಕನ ಮನೆಯಲ್ಲಿದೆ. ಅವಳು ಸಂಜೆ ಹದಿನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಮೊನ್ನೆ ಲೆಕ್ಕದ ಪಾಠ ಶುರುವಾದ ಇಪ್ಪತ್ತೈದು ನಿಮಿಷಕ್ಕೆ 1900 ಅಂತ ಫೋಟೋ ಕಳಿಸಿದಳು. ಬಾಗಿಲೂ ಎದುರಿನ ಕಿಟಕಿಯೂ ತೆರೆದು ಹತ್ತು ನಿಮಿಷ ಬಿಟ್ಟು ಇನ್ನೊಂದು ಫೋಟೋ ಬಂತು, 870.